ರೆಸ್ಟನ್‌ನ ಕಾಡುಹಾದಿ: ಡಾಂಬರೋ, ಮಣ್ಣೋ?

ಅಮೆರಿಕದ ವರ್ಜೀನಿಯಾದಲ್ಲಿ 1964ರಲ್ಲಿ ಶುರುವಾದ ರೆಸ್ಟನ್, ಮನೆಗಳ ನಡುವೆಯೇ ಕಾಡು ಉಳಿಸಿಕೊಂಡ ಊರು. ಒಳಗೆ ಸುಮಾರು 55 ಮೈಲಿ ಹಾದಿಯಿದೆ, ಕೆಲವು ಡಾಂಬರಿನವು, ಕೆಲವು ಬರೀ ಮಣ್ಣಿನವು.

ಊರಿಂದ ಬಂದ ಅಪ್ಪ-ಅಮ್ಮ ಜೊತೆಗಿದ್ದರೆ, ಸ್ಟ್ರಾಲರ್ ತಳ್ಳುವುದಿದ್ದರೆ ಡಾಂಬರೇ ಸರಿ. ಹಲವೆಡೆ ರಸ್ತೆಯಡಿಯೇ ದಾರಿ ಸಾಗುವುದರಿಂದ ಕಾರುಗಳ ಕಾಟವಿಲ್ಲ. ಆದರೆ ಬೇರುಗಳು ಡಾಂಬರನ್ನು ಎತ್ತಿ ಉಬ್ಬಿಸಿರುತ್ತವೆ. ನವೆಂಬರಿನ ಒದ್ದೆ ಎಲೆ ಅದನ್ನು ಮುಚ್ಚಿಬಿಟ್ಟರೆ ಎಡವುವುದು, ಜಾರುವುದು ಎರಡೂ ಉಂಟು.

ಮಣ್ಣಿನ ಹಾದಿ ಮಂಡಿಗೆ ಹಿತ, ತೊರೆಗೂ ಹತ್ತಿರ. ಮಳೆಯಾದ ಮೇಲೆ ಒಂದೆರಡು ದಿನ ಬಿಟ್ಟು ಹೋಗಿ. ಕೆಸರು ತಪ್ಪಿಸಲು ಎಲ್ಲರೂ ಅಂಚು ತುಳಿದರೆ ಹಾದಿ ಅಗಲವಾಗುತ್ತಾ ಗಿಡ ಸಾಯುತ್ತವೆ.

ಇಲ್ಲಿ ನಿಜವಾಗಿ ಹೆದರಬೇಕಾದದ್ದು ರಕ್ತ ಹೀರುವ ಉಣ್ಣೆ ಹುಳುವಿಗೆ (ಟಿಕ್). ಮೇಯಿಂದ ಜುಲೈವರೆಗೆ ಗಸಗಸೆಯಷ್ಟೇ ಇರುವ ಮರಿಗಳು ಹುಲ್ಲಿನ ತುದಿಯಿಂದ ಬಟ್ಟೆಗೆ ಹತ್ತಿ, ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ ಹರಡುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದೊಡನೆ ಬಟ್ಟೆಯನ್ನು ಡ್ರೈಯರಿನಲ್ಲಿ ಜೋರು ಬಿಸಿಗೆ 10 ನಿಮಿಷ ತಿರುಗಿಸಿ; ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂಭಾಗ ನೋಡಿ. ಕಚ್ಚಿದ್ದರೆ ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡವೇ ಬೇಡ. 24 ಗಂಟೆಯೊಳಗೆ ತೆಗೆದರೆ ಲೈಮ್ ಅಂಟುವ ಸಾಧ್ಯತೆ ಬಹಳ ಕಡಿಮೆ.

ಅಂಚಿನಲ್ಲಿ ಮೂರು ಮೂರು ಎಲೆಯ ಬಳ್ಳಿ ಕಂಡರೆ ಮುಟ್ಟಬೇಡಿ, ಪಾಯ್ಸನ್ ಐವಿ ಇರಬಹುದು, ಬೊಬ್ಬೆ ಏಳುತ್ತದೆ.

ಹಾಗಾಗಿ ಮಕ್ಕಳಿರುವ ಮನೆಯವರಿಗೆ ಬೇಸಿಗೆಯಲ್ಲಿ ಡಾಂಬರು, ಎಲೆ ಉದುರಿದ ಮೇಲಿನ ಒಣ ದಿನಗಳಲ್ಲಿ ಮಣ್ಣು. ಉಣ್ಣೆ ಹುಡುಕುವುದನ್ನು ಮಾತ್ರ ಚಳಿಗಾಲದಲ್ಲೂ ಬಿಡಬೇಡಿ.