ಜಿಐಎಸ್‌ನಲ್ಲಿ ಮೊದಲ ಕೆಲಸ: ಡಿಜಿಟೈಸಿಂಗ್ ಕಂಪನಿಯೋ, ಕೆರೆ ಸಮೀಕ್ಷೆಯೋ?

ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ, ಸ್ಥಳದ ದತ್ತಾಂಶ ವಿಶ್ಲೇಷಿಸುವ ವಿದ್ಯೆ) ಓದಿದವರಿಗೆ ಬೆಂಗಳೂರಿನಲ್ಲಿ ಬೇಗ ಸಿಗುವ ಕೆಲಸ ಡಿಜಿಟೈಸಿಂಗ್. ಹೊರದೇಶದ ಗ್ರಾಹಕರಿಗಾಗಿ ಉಪಗ್ರಹ ಚಿತ್ರದ ಮೇಲೆ ರಸ್ತೆ, ಕಟ್ಟಡ, ಕೇಬಲ್ ಜಾಲ ಎಳೆಯುವುದು. ಇನ್ನೊಂದು ದಾರಿ ಕೆರೆ, ಜಲಾನಯನಗಳ ಸಮೀಕ್ಷಾ ಯೋಜನೆ. ಎರಡರಲ್ಲೂ ದುಡಿದಿದ್ದೇನೆ. ಹೊಸಬರು ಕೇಳಿದರೆ ನನ್ನ ಒಲವು ಎರಡನೆಯದರ ಕಡೆಗೇ.

ಕಂಪನಿಯಲ್ಲಿ ಕೈಗೆ ಶಿಸ್ತು ಬರುತ್ತದೆ, ಅದನ್ನು ಕಡೆಗಣಿಸುವಂತಿಲ್ಲ. ಎರಡು ರಸ್ತೆ ಕೂಡುವಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ದಾರಿ ಹುಡುಕುವ ತಂತ್ರಾಂಶದ ಲೆಕ್ಕದಲ್ಲಿ ಅಲ್ಲಿ ರಸ್ತೆಯೇ ಮುಗಿಯಿತು. ಗೆರೆಗಳು ಹೀಗೆ ಒಂದಕ್ಕೊಂದು ಸರಿಯಾಗಿ ಕೂಡಿರಬೇಕೆಂಬ ಟೊಪಾಲಜಿಯನ್ನು ನಾನು ಕಲಿತದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಕ್ಯೂಸಿಯವರು, ಅಂದರೆ ಗುಣಮಟ್ಟ ತಪಾಸಣೆಯವರು, ವಾಪಸ್ ಕಳಿಸಿದ ಫೈಲುಗಳಿಂದ. ತಿಂಗಳಿಗೆ ಸರಿಯಾಗಿ ಸಂಬಳ, ಪಿಎಫ್ ಕೂಡ. ಆದರೆ ಎಳೆಯುವ ಊರನ್ನು ಕಂಡಿರುವುದಿಲ್ಲ, ಆ ಗೆರೆ ಯಾತಕ್ಕೆಂದೂ ಗೊತ್ತಾಗುವುದಿಲ್ಲ. ಟಾರ್ಗೆಟ್ ಮುಗಿಸುವ ಭರದಲ್ಲಿ ಕಲಿತ ವಿಶ್ಲೇಷಣೆ ಮರೆತುಹೋಗುತ್ತದೆ. ಮೈಕ್ರೋಸಾಫ್ಟ್, ಗೂಗಲ್ ಎರಡೂ ಯಂತ್ರವೇ ಗುರುತಿಸಿದ ಕಟ್ಟಡಗಳ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟಿರುವಾಗ, ಬರೀ ಗೆರೆ ಎಳೆಯುವ ಕೆಲಸದಲ್ಲೇ ವರ್ಷಗಟ್ಟಲೆ ಉಳಿಯುವುದು ಕ್ಷೇಮವಲ್ಲ.

ಕೆರೆ ಸಮೀಕ್ಷೆಯಲ್ಲಿ ಚಿತ್ರವನ್ನು ಅನುಮಾನಿಸಲು ಕಲಿಯುತ್ತೇವೆ. ಬೇಸಿಗೆಯ ಚಿತ್ರದಲ್ಲಿ ಒಣಗಿದ ಕೆರೆಯಂಗಳ ಹೊಲವೆನಿಸುತ್ತದೆ, ಜಾಲಿ ಬೆಳೆದಿದ್ದರೆ ಕಾಡೆನಿಸುತ್ತದೆ. ಏರಿಯ ಮೇಲೆ ನಡೆದು, ತೂಬು, ಕೋಡಿಗಳಿಗೆ ಜಿಪಿಎಸ್ ಬಿಂದು ಹಾಕಿ, ರಾಜಕಾಲುವೆ ಹಿಂದೆ ಎಲ್ಲಿ ಹರಿಯುತ್ತಿತ್ತೆಂದು ನೀರುಗಂಟಿಗಳ ಮನೆಯವರನ್ನು ಕೇಳಿದ ಮೇಲೆಯೇ ಹಳೆಯ ಗ್ರಾಮ ನಕಾಶೆಗೂ ಇಂದಿನ ಚಿತ್ರಕ್ಕೂ ತಾಳೆ ಬೀಳುವುದು. ಕರ್ನಾಟಕ ಸರ್ಕಾರದ ದಿಶಾಂಕ್ ಆಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ, ಓಡಾಟಕ್ಕೆ ಬಹಳ ಉಪಯೋಗ. ಒತ್ತುವರಿಯ ಮಾತು ಬಂದರೆ ಮಾತ್ರ ಸರ್ವೆಯರ್ ಅಳತೆಯೇ ಬೇಕು.

ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ವಿಧಾನ, ಏಕೆ ಮುಖ್ಯ ಎಂಬುದೂ ನನಗೆ ಮನದಟ್ಟಾದದ್ದು ಕೋಲಾರ ಜಿಲ್ಲೆಯಲ್ಲೇ. ಯುಟಿಎಂ ಎಂಬ ಪ್ರೊಜೆಕ್ಷನ್ ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ, ಪ್ರತಿ ವಲಯಕ್ಕೂ ಬೇರೆಯಾಗಿ ಸ್ಥಾನದ ಅಂಕಿ ಎಣಿಸುತ್ತದೆ. ಅದರ 43 ಮತ್ತು 44ನೇ ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ಆ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ, ಮುಳಬಾಗಿಲು 44ರಲ್ಲಿ. 44ರ ಅಂಕಿಗಳನ್ನು 43 ಎಂದು ಓದಿಸಿದರೆ ಕೋಲಾರದ ಕೆರೆ ಅರಬ್ಬಿ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಜಿಲ್ಲೆಗೆಲ್ಲ ಒಂದೇ ವಲಯ ಎಂದು ಮೊದಲ ದಿನವೇ ತೀರ್ಮಾನಿಸಿ, ನಕ್ಷೆಯ ಎಲ್ಲ ಪದರಗಳನ್ನೂ ಅದಕ್ಕೆ ಪರಿವರ್ತಿಸಿಕೊಳ್ಳಬೇಕು. ಕಂಪನಿಯಲ್ಲಿ ಇದನ್ನೆಲ್ಲ ಯಾರೋ ಮೊದಲೇ ಸರಿಮಾಡಿ ಕೊಟ್ಟಿರುತ್ತಿದ್ದರು.

ತಂತ್ರಾಂಶದ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಕಂಪನಿಯಲ್ಲಿ ಲೈಸೆನ್ಸ್ ಇರುವ ಆರ್ಕ್‌ಜಿಐಎಸ್, ಯೋಜನೆಯಲ್ಲಿ ಉಚಿತವಾದ ಕ್ಯೂಜಿಐಎಸ್ ಬಳಸಿದೆ. ಒಂದು ಬಂದರೆ ಇನ್ನೊಂದಕ್ಕೆ ಬೇಗ ಒಗ್ಗಿಕೊಳ್ಳಬಹುದು. ಬಿಡುವಿನಲ್ಲಿ ಪೈಥಾನ್ ಪ್ರೋಗ್ರಾಮಿಂಗ್, ಪೋಸ್ಟ್‌ಜಿಐಎಸ್ (ನಕ್ಷೆಯ ದತ್ತಾಂಶ ಇಡುವ ಡೇಟಾಬೇಸ್) ಕಲಿಯುವುದು ಎರಡೂ ಕಡೆಯವರಿಗೆ ಲಾಭ.

ಯೋಜನೆಯ ಕೊರತೆ ದುಡ್ಡಿನದು. ಅವಧಿ ಮುಗಿದರೆ ಕೆಲಸವೂ ಮುಗಿಯಿತು, ಬಿಲ್ ಪಾಸಾಗುವವರೆಗೆ ಸಂಬಳಕ್ಕೆ ಕಾಯಬೇಕು. ಮನೆ ನಿಮ್ಮ ದುಡಿಮೆಯ ಮೇಲೇ ನಿಂತಿದ್ದರೆ ಕಂಪನಿಯನ್ನೇ ಹಿಡಿಯಿರಿ. ಆದರೆ ಡಿಜಿಟೈಸಿಂಗ್‌ನಿಂದ ವಿಶ್ಲೇಷಣೆಯ ತಂಡಕ್ಕೆ ಹೋಗುವ ದಾರಿ ಇದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಯೋಜನೆಗೆ ಸೇರುವವರು ಒಪ್ಪಂದ ಎಷ್ಟು ತಿಂಗಳಿನದು, ಹಳ್ಳಿ ಓಡಾಟದ ಪೆಟ್ರೋಲ್ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.