4 ಜಿಬಿ ಲ್ಯಾಪ್‌ಟಾಪಿಗೆ ಲಿಬ್ರೆ ಆಫೀಸಾ, ಗೂಗಲ್ ಡಾಕ್ಸಾ?

ಮುಂಬೈ ಪಕ್ಕದ ಡೊಂಬಿವಲಿಯ ತಂಗಿಯೊಬ್ಬಳು ಕೇಳಿದ್ದಾಳೆ: "ಅಕ್ಕಾ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ, 4 ಜಿಬಿ ರ್‍ಯಾಮ್. ಕನ್ನಡದಲ್ಲಿ ಕಥೆ ಬರೆಯೋಕೆ ಯಾವುದು ಒಳ್ಳೇದು?"

ಲಿಬ್ರೆ ಆಫೀಸ್ ಅಂದರೆ ಲ್ಯಾಪ್‌ಟಾಪಿಗೇ ಹಾಕಿಕೊಂಡು ಬರೆಯುವ ತಂತ್ರಾಂಶ, ಗೂಗಲ್ ಡಾಕ್ಸ್ ಅಂದರೆ ಇಂಟರ್ನೆಟ್ಟಿನಲ್ಲಿ ಬರೆಯುವಂಥದ್ದು. ದುಡ್ಡಿನ ಮಾತು ಬೇಡ, ಎರಡೂ ಪುಕ್ಕಟೆ. ಡಾಕ್ಸ್‌ಗೆ ಗೂಗಲ್ ಕೊಡುವ 15 ಜಿಬಿ ಜಾಗವನ್ನು ನಿನ್ನ ಜಿಮೇಲ್, ಫೋಟೋಗಳೂ ತಿನ್ನುತ್ತವೆ, ಅಷ್ಟೇ.

ವೇಗದಲ್ಲಿ ವ್ಯತ್ಯಾಸ ಇದೆ. ಲಿಬ್ರೆ ಆಫೀಸ್ ತೆರೆಯುವಾಗ ತಿಣುಕುತ್ತದೆ, ಆಮೇಲೆ ಆರಾಮ. ಡಾಕ್ಸ್ ಓಡುವುದು ಬ್ರೌಸರ್ ಒಳಗೆ, ಪಕ್ಕದಲ್ಲಿ ಹತ್ತು ಟ್ಯಾಬ್ ತೆರೆದಿಟ್ಟೆಯೋ, ನೀನು 'ಅಕ್ಕ' ಅಂತ ಒತ್ತಿ ಮುಗಿಸಿದ ಮೇಲೆ ಒತ್ತಕ್ಷರ ನಿಧಾನಕ್ಕೆ ಬಂದು ಕೂರುತ್ತದೆ. ಸಿಟ್ಟು ಬರುತ್ತೆ ಅಲ್ವಾ?

ಆದರೆ ಡಾಕ್ಸ್ ತಾನೇ ಸೇವ್ ಮಾಡಿಕೊಳ್ಳುತ್ತದೆ. ಹೋದ ಮಳೆಗಾಲ ಕರೆಂಟ್ ಹೋಗಿ, ಬ್ಯಾಟರಿ ಸತ್ತಿದ್ದ ನನ್ನ ಲ್ಯಾಪ್‌ಟಾಪ್ ಆರಿಹೋಯಿತು, ಲಿಬ್ರೆ ಆಫೀಸ್‌ನಲ್ಲಿದ್ದ ಎರಡು ಪುಟ ಮಾಯ. ಸೇವ್ ಒತ್ತದ ತಪ್ಪು ನನ್ನದೇ. ಬರೆದದ್ದನ್ನು ಲಿಬ್ರೆ ಆಫೀಸ್ ತಾನೇ ಆಗಾಗ ಉಳಿಸಿಡುವ ಆಟೋರಿಕವರಿಯನ್ನು 2 ನಿಮಿಷಕ್ಕೆ ಇಳಿಸಿಕೋ.

ಲೋಕಲ್ ಟ್ರೇನಿನಲ್ಲಿ ಸೀಟು ಸಿಕ್ಕಾಗ ಮೊಬೈಲಿನಲ್ಲೂ ನಾಲ್ಕು ಸಾಲು ಬರೆಯುವವಳಾದರೆ ಡಾಕ್ಸ್. ಬಾಯಲ್ಲಿ ಹೇಳಿದರೆ ಕನ್ನಡದಲ್ಲೇ ಟೈಪ್ ಮಾಡುತ್ತದೆ, ಟ್ರೇನಿನ ಡಬ್ಬಿಯಲ್ಲಿ ಮಾತ್ರ ಸುಮ್ನೆ ಕೂತ್ಕೋ. ಪತ್ರಿಕೆಯವರು 'ನುಡಿ' ಅನ್ನೋ ಕನ್ನಡ ಫಾಂಟಿನಲ್ಲೇ ಕಳಿಸಿ ಅಂದರೆ ಲಿಬ್ರೆ ಆಫೀಸೇ ಗತಿ, ನಿನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡ ಫಾಂಟು ಡಾಕ್ಸ್‌ಗೆ ಕಾಣುವುದಿಲ್ಲ.