ಜೀನ್ಸ್ ತೊಳೆದ ನೀರಿಗೆ ಫೆಂಟನ್ನೋ, ಓಝೋನೋ?

ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಘಟಕ ನಡೆಸುವವರಿಗೆ ಈ ನೀರು ಗೊತ್ತೇ ಇದೆ. ಬಕೆಟ್ಟಿನಲ್ಲಿ ಕೈ ಅದ್ದಿದರೆ ಬೆರಳು ಕಾಣುವುದಿಲ್ಲ, ಅಷ್ಟು ಕಡು ನೀಲಿ. ಹೊರಗೆ ಬಿಡುವ ಮುಂಚೆ ಈ ಬಣ್ಣ ತೆಗೆಯುವ ಮೂರು ವಿಧಾನಗಳನ್ನು ಇಲ್ಲಿ ಹೋಲಿಸಿದ್ದೇನೆ.

ಫೆಂಟನ್ ವಿಧಾನಕ್ಕೆ ಮುಖ್ಯವಾಗಿ ಬೇಕಾದ್ದು ಎರಡು: ಫೆರಸ್ ಸಲ್ಫೇಟ್, ಹೈಡ್ರೋಜನ್ ಪೆರಾಕ್ಸೈಡ್. ಕಬ್ಬಿಣವು ಪೆರಾಕ್ಸೈಡನ್ನು ಒಡೆದಾಗ ಹುಟ್ಟುವ, ಸಿಕ್ಕಿದ್ದನ್ನು ತಕ್ಷಣ ಒಡೆಯುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬಣ್ಣವನ್ನು ಚೂರುಚೂರು ಮಾಡುತ್ತದೆ. ಸಾದಾ ಟ್ಯಾಂಕ್ ಸಾಕು, ಬಂಡವಾಳ ಕಡಿಮೆ. ಆದರೆ ಆಮ್ಲ ಹಾಕಿ ನೀರಿನ ಪಿಎಚ್ (ಹುಳಿಯ ಅಳತೆ; ಕಡಿಮೆಯಾದಷ್ಟೂ ಹುಳಿ ಹೆಚ್ಚು) ಅನ್ನು 3ರ ಹತ್ತಿರ ಇಳಿಸಬೇಕು, ಆಮೇಲೆ ಸುಣ್ಣ ಹಾಕಿ ಏರಿಸಬೇಕು. ಆಗ ತುಕ್ಕು ಬಣ್ಣದ ಕೆಸರು ತಳಕ್ಕೆ ಕೂರುತ್ತದೆ. ಕಷ್ಟ ಇರುವುದೇ ಇಲ್ಲಿ. ಅದನ್ನು ಒಣಗಿಸಿ, ನಿಯಮದಂತೆ ಸಾಗಿಸುವ ಖರ್ಚನ್ನು ಮೊದಲೇ ಲೆಕ್ಕ ಹಾಕಿ. ಸುಮ್ನೆ ಹಳ್ಳಕ್ಕೆ ಸುರಿದರೆ ಯಾರದೋ ಹೊಲ ಸೇರುತ್ತದೆ, ಅಲ್ವಾ?

ನೀರಿಗೆ ಹಾಯಿಸುವ ಓಝೋನ್ ಅನಿಲ ನೀಲಿಯನ್ನು ಬೇಗ ತೆಗೆಯುತ್ತದೆ, ಕಬ್ಬಿಣದ ಕೆಸರಿಲ್ಲ. ಯಂತ್ರ ದುಬಾರಿ, ಕರೆಂಟೂ ಜಾಸ್ತಿ. ಸೋರಿದರೆ ಕೆಲಸಗಾರರ ಶ್ವಾಸಕೋಶಕ್ಕೆ ಅಪಾಯ.

ಮೂರನೆಯದು ಟೈಟಾನಿಯಂ ಡೈಆಕ್ಸೈಡ್, ಬೆಳಕು ಬಿದ್ದಾಗ ಬಣ್ಣವನ್ನು ಒಡೆಯುವ ಬಿಳಿ ಪುಡಿ. ಇದು ನಮ್ಮ ಬಿಸಿಲಿಗೆ ಹೇಳಿ ಮಾಡಿಸಿದ್ದು ಅನ್ನಿಸಬಹುದು. ಆದರೆ ಕಡು ಬಣ್ಣದ ನೀರಿನೊಳಗೆ ಬೆಳಕು ಇಳಿಯುವುದಿಲ್ಲ. ಬಣ್ಣ ಬಹುಪಾಲು ಹೋದ ಮೇಲೆ, ಕೊನೆಯ ಹಂತಕ್ಕೆ ಮಾತ್ರ ಸರಿ.

ಸಣ್ಣ ಘಟಕವಾಗಿದ್ದು, ಕೆಸರು ಒಣಗಿಸಲು ಜಾಗ ಇದ್ದರೆ ಫೆಂಟನ್ ತೆಗೆದುಕೊಳ್ಳಿ. ನಾಲ್ಕೈದು ಜನ ಸೇರಿ ಕಟ್ಟಿಸುವುದಾದರೆ ನನ್ನ ಆಯ್ಕೆ ಓಝೋನ್.